ತುಪ್ಪಟದ ತೀರ್ಪುಗಾರರಿಗೆ, ನನ್ನ ಮಲೆಟ್‌ನಲ್ಲಿ ಸಿಕ್ಕ ಒಡಕಿನ ಬಗ್ಗೆ

ವಿರಬಿಲ್ಲ ಕೃಷಿ ಪ್ರದರ್ಶನದ ಉಣ್ಣೆ ವಿಭಾಗದ ಹಿರಿಯ ತೀರ್ಪುಗಾರರೂ, ಈ ಸುತ್ತಿನ ಸಮಸ್ತ ಟಗರುಗಳ ಬೆನ್ನು ಬಲ್ಲವರೂ, ಈ ವರ್ಷದಿಂದ ಮನುಷ್ಯರ ತಲೆಗೂ ಕೈ ಹಾಕಿರುವವರೂ ಆದ ಮಾನ್ಯ ಲಿಂಡನ್ ಹ್ಯಾವರ್‌ಫೀಲ್ಡ್ ಅವರಿಗೆ, ಅದೇ ಊರಿನ ಟಲ್ಲಿ ಪ್ರೆಂಟಿಸ್ ತಲೆಬಾಗಿ ಮಾಡುವ ವಂದನೆಗಳು. ತಲೆ ಬಾಗಿಸಿದೊಡನೆ ನನ್ನ ಹಿಂಗೂದಲು ಮುಖದ ಮೇಲೆ ಬಿದ್ದು ಕಾಗದ ಕಾಣದಂತಾಗುವುದರಿಂದ ಮುಂದಿನದನ್ನು ತಲೆ ಎತ್ತಿಯೇ ಬರೆಯುತ್ತೇನೆ, ಕ್ಷಮಿಸಬೇಕು.

ಮಾನ್ಯರೇ, ದೂರಿಗೆ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಮುಂದೆ ಗಿಡ್ಡ, ಹಿಂದೆ ಉದ್ದ ಇರುವ ಈ ಮಲೆಟ್ ಕೂದಲು ಬಿಟ್ಟಿದ್ದಕ್ಕೆ ನನ್ನನ್ನು ಶಾಲೆಯಿಂದ ಹೊರಗೆ ಹಾಕಿದರು ಎಂದು ಊರೆಲ್ಲ ನಂಬಿದೆ. ಅದು ಸುಳ್ಳು. ನಾನೇ ಎದ್ದು ಬಂದೆ. ಹೋದ ಚಳಿಗಾಲದಲ್ಲಿ ಒಂದು ದಿನ ಗಣಿತದ ತರಗತಿಯ ಕುರ್ಚಿಯಲ್ಲಿ ಇನ್ನೊಂದು ನಿಮಿಷ ಕೂರುವುದು ನನ್ನಿಂದಾಗಲಿಲ್ಲ, ಅಷ್ಟೇ. ಮುಖ್ಯೋಪಾಧ್ಯಾಯಿನಿ ಪೆಂಗೆಲಿಯವರು ನನ್ನ ಕೂದಲಿನ ಬಗ್ಗೆ ಆಡಿದ್ದು ಒಂದೇ ಒಂದು ಮಾತು: "ಚೆನ್ನಾಗಿ ಒಪ್ಪತ್ತೆ ಕಣೋ, ತೊಳೀತಾ ಇರು." ಇಷ್ಟು ದಿನ ಇದನ್ನು ಮುಚ್ಚಿಟ್ಟಿದ್ದೆ. ನನ್ನ ಗುಟ್ಟಿನ ಅರ್ಧವನ್ನು ತಾವು ಮೈಕಿನಲ್ಲಿ ಕೂಗಿ ಹೇಳಿಬಿಟ್ಟಿರುವುದರಿಂದ ಉಳಿದರ್ಧವನ್ನು ನಾನೊಬ್ಬನೇ ಕಾಯ್ದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ತಾವು ಅಷ್ಟು ಜನರ ಎದುರು ಬೆರಳಾಡಿಸಿದ ಸರಕು ಹೇಗೆ ತಯಾರಾಯಿತೆಂಬುದು ತಮಗೆ ತಿಳಿದಿರಲಿ. ಅಪ್ಪನ ಅಕ್ಕ ನೋಲೀನ್ ಅತ್ತೆ ತನ್ನ ಕಾರು ಶೆಡ್ಡಿನಲ್ಲೇ ಕ್ಷೌರದ ಕುರ್ಚಿ ಹಾಕಿಕೊಂಡಿದ್ದಾಳೆ. ಮುಂದೆ ಹಣೆಯ ಮೇಲೆ ಗಿಡ್ಡಕ್ಕೆ ಕತ್ತರಿ, ಎರಡು ಕಿವಿಗಳ ಮೇಲೂ ಚರ್ಮ ಕಾಣುವ ಹಾಗೆ ಮಷಿನ್, ಹಿಂದೆ ಮಾತ್ರ ಕತ್ತರಿಯ ನೆರಳೂ ಬೀಳದಂತೆ ಬಿಟ್ಟುಬಿಡುವುದು, ಇದು ಅವಳ ಕ್ರಮ. "ಅಲ್ಲಾಡ್ಬೇಡ್ವೋ, ಒಂದು ಕಿವಿ ಹೋದ್ರೆ ಮಲೆಟ್ ಒಂದ್ಕಡೆ ವಾಲ್ಕೊಳತ್ತೆ," ಎಂದು ಹೆದರಿಸುತ್ತಲೇ ಕೆಲಸ ಮುಗಿಸಿದಳು. ಮನೆಗೆ ಹೋದಾಗ ಅಪ್ಪ ನನ್ನನ್ನು ಸುತ್ತಲೂ ತಿರುಗಿಸಿ ನೋಡಿ, "ಮುಂದಿನಿಂದ ನೋಡಿದ್ರೆ ಕೆಲ್ಸ ಕೇಳೋಕೆ ಬಂದೋನು, ಹಿಂದಿನಿಂದ ನೋಡಿದ್ರೆ ಕೆಲ್ಸ ಬಿಟ್ಟು ಓಡ್ತಿರೋನು," ಎಂದ. ಅಪ್ಪನಿಗೆ ನಾನು ಚೆನ್ನಾಗಿ ಗೊತ್ತು.

ಕತ್ತರಿಸುವುದು ಸುಲಭ, ಸಾಕುವುದು ಕಷ್ಟ. ತೊಳೆದ ಮೇಲೆ ಟವೆಲ್ಲಿನಿಂದ ಉಜ್ಜಬಾರದು, ಹಳೆಯ ಬನಿಯನ್ನಿನಲ್ಲಿ ಹಿಂಡಬೇಕು. ಸಮುದ್ರದ ಉಪ್ಪುನೀರು ಚಿಮುಕಿಸಿದರೆ ಸುರುಳಿ ನಿಲ್ಲುತ್ತದೆ ಎನ್ನುತ್ತಾರೆ. ನಮ್ಮೂರಿನಿಂದ ಸಮುದ್ರಕ್ಕೆ ಒಂದು ಹಗಲಿನ ದಾರಿಯಾದ್ದರಿಂದ ನಾನು ಅಡುಗೆ ಉಪ್ಪನ್ನೇ ನೀರಿಗೆ ಕದಡಿ ಗಾಜು ಒರೆಸುವ ಬಾಟಲಿಯಲ್ಲಿ ತುಂಬಿಟ್ಟಿದ್ದೆ. ಅಪ್ಪ ಅದನ್ನೇ ಗಾಡಿಯ ಮುಂಗಾಜಿಗೆ ಹೊಡೆದು ಒಂದು ವಾರ ನನ್ನನ್ನು ಬೈದ. ಆಮೇಲೆ ತಲೆ ಕೆಳಗೆ ಮಾಡಿ, ಕೂದಲು ಒಣಗಿಸುವ ಯಂತ್ರವನ್ನು ಸಣ್ಣಗೆ ಇಟ್ಟು, ಒಂದೊಂದು ಸುರುಳಿಯನ್ನೂ ಅಂಗೈಯಲ್ಲಿ ಮುದುಡಿ ಮುದುಡಿ ಬಿಡಬೇಕು. ಬಾಚಣಿಗೆಯನ್ನು ಅದರ ಕಣ್ಣಿಗೆ ಬೀಳಿಸಲೇಬಾರದು. ಇಷ್ಟೆಲ್ಲ ಮಾಡಿ ನಾನು ಪ್ರದರ್ಶನದ ದಿನ ಟೋಪಿಯನ್ನೂ ಹಾಕದೆ, ನೊಣಗಳಿಗೆ ಮುಖ ಒಪ್ಪಿಸಿ, ಸ್ಪರ್ಧೆಗೆ ಬಂದಿದ್ದೆ.

ಪ್ರತಿವರ್ಷ ಮಲೆಟ್ ಸ್ಪರ್ಧೆಗೆ ತೀರ್ಪು ಕೊಡುತ್ತಿದ್ದ ಪಕ್ಕದೂರಿನ ಕ್ಷೌರಿಕರು ಸೊಂಟ ಉಳುಕಿಸಿಕೊಂಡು ಬರಲಿಲ್ಲ. ಸಮಿತಿಯವರು ಉಣ್ಣೆಗೂ ಕೂದಲಿಗೂ ಏನು ಮಹಾ ವ್ಯತ್ಯಾಸವೆಂದು ತಮ್ಮನ್ನು ಕೇಳಿದರು. ತಾವಾದರೂ ಇಲ್ಲ ಎನ್ನಬಹುದಿತ್ತು. ತಾವು ನಮ್ಮನ್ನೆಲ್ಲ ಉಣ್ಣೆಯ ಮೇಜಿನ ಮುಂದೆ, ಜನರ ಕಡೆಗೆ ಬೆನ್ನು ಮಾಡಿಸಿ, ಸಾಲಾಗಿ ನಿಲ್ಲಿಸಿದಿರಿ. ನನ್ನ ಕೂದಲನ್ನು ಎರಡೂ ಕೈಗಳಿಂದ ತುಪ್ಪಟ ಬಿಡಿಸುವ ಹಾಗೆ ಬಿಡಿಸಿದಿರಿ, ಮೂಗು ಹತ್ತಿರ ತಂದಿರಿ, ಸುರುಳಿಗಳನ್ನು ಬೆಳಕಿಗೆ ಹಿಡಿದು ಮೆಚ್ಚಿದಿರಿ. ಒಳಗೆ ಸಿಕ್ಕಿದ್ದ ಒಂದು ಮುಳ್ಳುಕಾಯಿಯನ್ನು ಹೊರಗೆ ತೆಗೆದು, "ಕಸದ ಅಂಶ ಸ್ವಲ್ಪ," ಎಂದು ಮೈಕಿಗೆ ಹೇಳಿದಿರಿ. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಗಿತ್ತು.

ಆಮೇಲೆ ತಾವು ಒಂದು ಸಣ್ಣ ಎಳೆಗೊಂಚಲನ್ನು ಕಿತ್ತು, ಎರಡು ತುದಿಗಳನ್ನೂ ಬೆರಳುಗಳಲ್ಲಿ ಬಿಗಿಹಿಡಿದು, ಕಿವಿಯ ಪಕ್ಕಕ್ಕೆ ಒಯ್ದು ಟಪ್ ಎಂದು ಮೀಟಿದಿರಿ. ಅದು ಕಡಿಯಿತು. ಕುರಿಯ ನಡುವೆ ಬೆಳೆದ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇವಿಲ್ಲದ ತಿಂಗಳಲ್ಲಿ ಬೆಳೆದ ಉಣ್ಣೆ ಆ ಒಂದು ಜಾಗದಲ್ಲಿ ಬಡವಾಗಿರುತ್ತದೆ, ಮೀಟಿದರೆ ಅಲ್ಲಿಗೇ ಕಡಿಯುತ್ತದೆ. ತಾವು ಬುಡದಿಂದ ಅಂಗೈ ಅಗಲ ಅಳೆದು ನೋಡಿ, "ಒಡಕಿದೆ. ಹೋದ ಚಳಿಗಾಲದ್ದು. ಈ ಪ್ರಾಣಿ ಆಗ ಉಪವಾಸ ಬಿದ್ದಿದೆ. ಇದರ ಮಾಲೀಕ ಯಾರ್ರೀ? ಮೇವು ಹಾಕ್ತಿದ್ರೋ, ಬರೀ ಬೇಲಿ ತೋರಿಸ್ತಿದ್ರೋ?" ಎಂದಿರಿ.

ಇಡೀ ಮಂಟಪ ನಕ್ಕಿತು. ನಾನೂ ನಕ್ಕೆ. ಹಿಂದಿನ ಸಾಲಿನಿಂದ ಯಾರೋ, "ಮಾರಿಬಿಡ್ರೀ ಅದನ್ನ, ಮಾಂಸಕ್ಕೂ ಆಗಲ್ಲ!" ಎಂದು ಕೂಗಿದರು. ಬೆನ್ನು ತಿರುಗಿಸಿ ನಿಂತಿದ್ದ ನನಗೆ ಕಾಣಲಿಲ್ಲ. ನಗು ಒಮ್ಮೆಗೇ ಅರ್ಧಕ್ಕೆ ನಿಂತದ್ದು ಕೇಳಿ ತಿರುಗಿದೆ. ಅಪ್ಪ ಒಂದು ಕೈಯಲ್ಲಿ ಸಾಸೇಜು ಸುತ್ತಿದ ಬ್ರೆಡ್ ಹಿಡಿದುಕೊಂಡು ಇನ್ನೊಂದು ಕೈ ಎತ್ತಿದ್ದ. "ನಂದು," ಎಂದ. ಅಮ್ಮ ಹೋದ ಚಳಿಗಾಲಕ್ಕೂ ಹಿಂದಿನ ಬೇಸಿಗೆಯಲ್ಲೇ ಕರಾವಳಿಗೆ ಹೋಗಿ ನೆಲೆಸಿದ್ದಾಳೆಂದೂ, ಆ ಚಳಿಗಾಲವಿಡೀ ಒಲೆಯ ಮುಂದೆ ನಿಂತವನು ಅಪ್ಪನೊಬ್ಬನೇ ಎಂದೂ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತಮಗೂ ಗೊತ್ತಿತ್ತು. ಬಹುಮಾನವನ್ನು ತಾವು ಮಾಂಸದಂಗಡಿಯವರ ಮಗನಿಗೆ ಕೊಟ್ಟಿರಿ. ಹುಟ್ಟಿದಾಗಿನಿಂದ ಒಂದು ಚಳಿಗಾಲವೂ ಮಾಂಸ ತಪ್ಪದವನ ಕೂದಲಿನಲ್ಲಿ ಒಡಕು ಎಲ್ಲಿಂದ ಬರಬೇಕು? ಅದರ ಬಗ್ಗೆ ನನಗೆ ಅಸಮಾಧಾನವಿಲ್ಲ.

ತಮ್ಮ ತೀರ್ಪಿನ ಪರಿಣಾಮಗಳನ್ನು ಮಾತ್ರ ವಿನಯಪೂರ್ವಕ ತಮ್ಮ ಗಮನಕ್ಕೆ ತರುತ್ತೇನೆ. ಅಂದಿನಿಂದ ಅಪ್ಪ ಬೆಳಗ್ಗೆ ನನ್ನ ತಟ್ಟೆಗೆ ಮೊಟ್ಟೆಯ ಮೇಲೆ ಮೊಟ್ಟೆ ಒಡೆದು ಹಾಕುತ್ತಿದ್ದಾನೆ, ತಾನು ಎದುರಿಗೆ ಕೂರದೆ ಸಿಂಕಿನ ಹತ್ತಿರ ನಿಂತು ಟೀ ಕುಡಿಯುತ್ತಾನೆ. ಟಗರುಗಳಿಗೆ ನೆಕ್ಕಲು ಇಡುವ ಖನಿಜದ ಉಪ್ಪಿನ ಚೀಲದ ಮೇಲಿನ ಬರಹವನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದುದನ್ನು ನಾನು ಕಂಡಿದ್ದೇನೆ. "ಮನುಷ್ಯರಿಗೂ ಆಗತ್ತಾ ಅಂತ ನೋಡ್ದೆ," ಎಂದ. ತಾವು ಮೀಟಿದ್ದು ನನ್ನ ಕೂದಲನ್ನು, ಮಾನ್ಯರೇ, ಕಡಿದುಹೋದದ್ದು ಬೇರೆಯವರು.

ಆದ್ದರಿಂದ ಕೇಳಿ. ಒಡಕು ನಿಜ. ತಮ್ಮ ಬೆರಳಿಗೆ ನಮಸ್ಕಾರ. ಆದರೆ ಅದು ಅಪ್ಪ ಹಾಕದ ಮೇವಿನದಲ್ಲ, ನಾನು ತಿನ್ನದ ಮೇವಿನದು. ಶಾಲೆ ಬಿಟ್ಟ ಮೇಲೂ ಬಹಳ ದಿನ ನಾನು ಸಮವಸ್ತ್ರ ಹಾಕಿಕೊಂಡು, ಅಪ್ಪ ಕಟ್ಟಿಕೊಟ್ಟ ಬುತ್ತಿ ಹಿಡಿದು ಮನೆಯಿಂದ ಹೊರಟು, ಗೋಧಿ ಉಗ್ರಾಣದ ಹಿಂದೆ ಕೂತು ಸಂಜೆ ಮಾಡುತ್ತಿದ್ದೆ. ಹಿಂದಿನ ರಾತ್ರಿಯ ಕುರಿಮಾಂಸವನ್ನು ಎರಡು ಬ್ರೆಡ್ಡಿನ ನಡುವೆ ಇಟ್ಟು, ಅಂಚು ಕತ್ತರಿಸಿ, ಅಪ್ಪ ಅದನ್ನು ಕಟ್ಟುತ್ತಿದ್ದದ್ದು ಶಾಲೆಗೆ ಹೋಗುವ ಮಗನಿಗೆ. ಶಾಲೆಗೆ ಹೋಗದವನು ಅದನ್ನು ತಿನ್ನುವುದು ನನಗೆ ಕಳ್ಳತನವೆನಿಸಿತು. ಸುಳ್ಳು ಹೇಳುವಷ್ಟು ಕೆಟ್ಟವನಾಗಿದ್ದೆ, ಸುಳ್ಳಿನ ಬುತ್ತಿ ತಿನ್ನುವಷ್ಟು ಕೆಟ್ಟಿರಲಿಲ್ಲ. ಎಲ್ಲವನ್ನೂ ಉಗ್ರಾಣದ ಗಲಾ ಗಿಳಿಗಳಿಗೆ ಹಾಕಿದೆ. ಆ ಚಳಿಗಾಲದ ಗಿಳಿಗಳ ಪುಕ್ಕವನ್ನು ತಾವು ಮೀಟಿ ನೋಡಿದ್ದರೆ ಪಿಟೀಲಿನ ತಂತಿಯಂತೆ ಮಿಡಿಯುತ್ತಿತ್ತು.

ಶಾಲೆಯವರ ಸಂದೇಶ ಕರಾವಳಿಯ ಅಮ್ಮನ ಫೋನಿಗೆ ಹೋಗಿ, ಸುತ್ತಿಕೊಂಡು ಅಪ್ಪನಿಗೆ ಬರುವಷ್ಟರಲ್ಲಿ ಚಳಿಗಾಲ ಮುಗಿಯುತ್ತ ಬಂದಿತ್ತು. ಅಪ್ಪ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದೆ: "ಕೂದ್ಲು ಕತ್ತರ್ಸು ಅಂದ್ರು, ಆಗಲ್ಲ ಅಂದೆ, ಕಳಿಸಿಬಿಟ್ರು." ಅಪ್ಪ ಯಾವುದನ್ನೂ ಎರಡನೇ ಸಲ ಕೇಳುವವನಲ್ಲ. ಅವನು ಮಾಡಿದ್ದು ಎರಡು ಕೆಲಸ. ಒಂದು, ಕೌನ್ಸಿಲ್ಲಿನ ಗ್ರೇಡರ್ ಓಡಿಸುವವನು ತಾನೇ ಆದ್ದರಿಂದ, ಊರಿನ ಮಣ್ಣುರಸ್ತೆಗಳನ್ನೆಲ್ಲ ಸಮ ಮಾಡಿ ಶಾಲೆಯ ಮುಂದಿನ ರಸ್ತೆಯನ್ನು ಮಾತ್ರ ಬಿಟ್ಟ. ಶಾಲೆಯ ಬಸ್ಸಿನಲ್ಲಿ ಮಕ್ಕಳ ಹಲ್ಲು ಕಟಕಟಿಸುವುದಕ್ಕೆ ಹವಾಮಾನ ಕಾರಣವೆಂದು ಊರಿನ ಪತ್ರಿಕೆಯಲ್ಲಿ ಬರೆದಿದ್ದರು, ಕಾರಣ ನಾನು. ಎರಡು, ನನಗೆ ಬೆಂಬಲವಾಗಿ ಅಪ್ಪ ತಾನೂ ಮಲೆಟ್ ಬಿಟ್ಟ. ನೆತ್ತಿಯ ಮೇಲೆ ಒಂದೆಳೆಯೂ ಇಲ್ಲದವನು ಮಲೆಟ್ ಬಿಟ್ಟರೆ ಕಾಣುವುದು ಹಿಂಭಾಗ ಮಾತ್ರ. ನೋಲೀನ್ ಅತ್ತೆ, "ಗಾರ್ತ್, ಇದು ಮಲೆಟ್ ಅಲ್ಲ ಕಣೋ, ಪರದೆ," ಎಂದರೂ ಅಪ್ಪ ಜಗ್ಗಲಿಲ್ಲ.

ಇನ್ನು ನನ್ನ ಬೇಡಿಕೆಗಳು. ಮುಂದಿನ ಪ್ರದರ್ಶನದ ಉದ್ಘಾಟನೆಯಲ್ಲಿ ತಾವು ಕೌನ್ಸಿಲ್ ಅಧ್ಯಕ್ಷರ ಮೀಸೆಯನ್ನು ಮೀಟಿ, ಅವರು ಯಾವ ಸಭೆಯಲ್ಲಿ ಯಾವ ಮಾತು ನುಂಗಿದರೆಂದು ಸಾರ್ವಜನಿಕರಿಗೆ ತಿಳಿಸಬೇಕು. ಮದುವೆಗೆ ಮುಂಚೆ ವರನ ಎಳೆಯನ್ನು ಪರೀಕ್ಷಿಸಿ ವಧುವಿಗೆ ಪ್ರಮಾಣಪತ್ರ ಕೊಡಬೇಕು. ಇಷ್ಟು ದೊಡ್ಡ ವಿದ್ಯೆಯನ್ನು ಕುರಿಗಳ ಮೇಲೆ ವ್ಯರ್ಥ ಮಾಡಿದ್ದು ಸಾಕು. ಕೊನೆಯದಾಗಿ, ಒಂದು ಭಾನುವಾರ ಬಂದು ಅಪ್ಪನ ಪರದೆಯನ್ನೂ ಪರೀಕ್ಷಿಸಿ ಅದೇ ಮೈಕಿನಲ್ಲಿ ಫಲಿತಾಂಶ ಹೇಳಬೇಕು. ನಾನಾಗಲೇ ಪರೀಕ್ಷಿಸಿದ್ದೇನೆ. ಮೊನ್ನೆ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಗ ಒಂದೆಳೆ ಕಿತ್ತು ಮೀಟಿದೆ. ಬುಡದಿಂದ ತುದಿಯವರೆಗೆ ಎಲ್ಲೂ ಕಡಿಯಲಿಲ್ಲ.

ಇಷ್ಟು ಬರೆದು ನಿನ್ನೆ ಸಂಜೆ ಅಪ್ಪನಿಗೆ ಓದಿ ಹೇಳಿದೆ. ಅವನಿಗೆ ಗೊತ್ತಾಗದೆ ಊರಿಗೆ ಗೊತ್ತಾಗುವುದು ಸರಿಯಲ್ಲ. ಅಪ್ಪ ಟಿವಿಯ ಸದ್ದು ಆರಿಸಿ ಪೂರ್ತಿ ಕೇಳಿದ.

"ಹಂಗಾದ್ರೆ ಊಟ ಸಾಲ್ತಿರ್ಲಿಲ್ಲ ಅಂತ ಅಲ್ಲ?"

"ಅಲ್ಲಪ್ಪ."

"ಬುತ್ತಿ ಚೆನ್ನಾಗಿರ್ತಿತ್ತಾ?"

"ಗಿಳಿಗಳು ಒಂದಿನಾನೂ ದೂರು ಹೇಳ್ಲಿಲ್ಲ."

ಅಪ್ಪ, "ಪೆಂಗೆಲಿ ಮೇಡಂನ ಕಂಡಾಗೆಲ್ಲ ನಾನು ಈ ಬಾಲ ಅಲ್ಲಾಡಿಸ್ಕೊಂಡು ಗುರಾಯಿಸ್ತಿದ್ನಲ್ಲೋ, ದರಿದ್ರ ಮುಂಡೇದೆ!" ಎಂದು ಕೈಗೆ ಸಿಕ್ಕ ದಿಂಬು ಎಸೆದ. ಅದು ನನ್ನ ಮಲೆಟ್‌ಗೆ ತಾಗಿ ಸುರುಳಿ ಕೆಟ್ಟಿತು. ಕತ್ತರಿ ತರಲೇ ಎಂದು ಕೇಳಿದೆ. ಕತ್ತಿನ ಹಿಂದೆ ಕೈ ಆಡಿಸಿಕೊಂಡು, "ಬೇಡ, ಇರ್ಲಿ. ಕುತ್ತಿಗೆಗೆ ಬಿಸ್ಲು ಬೀಳಲ್ಲ," ಎಂದ. ಇವತ್ತು ಬೆಳಗ್ಗೆ ಮೊಟ್ಟೆ ಎರಡೇ ಇದ್ದವು, ಅಪ್ಪ ಎದುರಿಗೇ ಕೂತು ತಿಂದ. ಈಗ ಶಾಲೆಯ ರಸ್ತೆಯ ಕಡೆಯಿಂದ ಗ್ರೇಡರಿನ ಸದ್ದು ಕೇಳುತ್ತಿದೆ. ದೂರನ್ನು ಹಿಂತೆಗೆದುಕೊಳ್ಳುತ್ತಿಲ್ಲ, ಬೇಡಿಕೆಗಳೂ ಹಾಗೇ ಇವೆ.

ತಮ್ಮ ಬೆರಳುಗಳ ನಡುವೆ ಕಡಿದುಹೋದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಟಲ್ಲಿ ಪ್ರೆಂಟಿಸ್

ಮರೆತ ಮಾತು: ತಾವು ಟೋಪಿ ತೆಗೆದದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಅದರ ಕೆಳಗೆ ಮೀಟಲು ಏನಾದರೂ ಉಳಿದಿದೆಯೇ ಎಂದು ನೋಲೀನ್ ಅತ್ತೆಯನ್ನು ಕೇಳಿದೆ. ಗಿರಾಕಿಗಳ ಗುಟ್ಟು ಹೇಳುವುದಿಲ್ಲ ಎಂದಳು, ಆದರೆ ಕತ್ತರಿ ಕೆಳಗಿಟ್ಟು ನಗುವಷ್ಟು ನಕ್ಕಳು. ಈ ಬಗ್ಗೆ ನನ್ನನ್ನು ಬೈಯುವುದಿದ್ದರೆ ಇವತ್ತೇ ಬನ್ನಿ. ಉಣ್ಣೆ ಕತ್ತರಿಸುವ ತಂಡದ ಜೊತೆ, ತುಪ್ಪಟ ಎತ್ತುವ ಕೆಲಸಕ್ಕೆ, ನಾನು ನಾಳೆ ಬೆಳಗ್ಗೆ ಹೊರಡುತ್ತೇನೆ.