ಡಿಎನ್‌ಎ ಪೆಟ್ಟಿಗೆಯೂ ಇಲ್ಲದ ಬಂಗಡೆಯೂ

ಭಟ್ಕಳದಿಂದ ಕುಮಟಾದವರೆಗೆ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ಓಡಾಡುವ ಮನುಷ್ಯನನ್ನು ಯಾರೂ ನಂಬುವುದಿಲ್ಲ ಎಂಬುದು ಈ ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ಗೊತ್ತಾಯಿತು. ಪೆಟ್ಟಿಗೆ ಎಂದರೆ ಮೀನು. ಮೀನಲ್ಲ ಎಂದರೆ ಅದಕ್ಕಿಂತ ಕೆಟ್ಟದ್ದೇನೋ. ಅಂದಿನಿಂದ ಇಂದಿನವರೆಗೆ ಇದೇ ಕತೆ.

ನಾನು ಮಾರುವುದು ಕಾಲೇಜು, ಪ್ರಯೋಗಾಲಯಗಳಿಗೆ ಬೇಕಾದ ರಾಸಾಯನಿಕಗಳನ್ನು, ಮತ್ತು ಮೀನು, ಚಿಪ್ಪು, ಎಲೆ ಯಾವುದರಿಂದಲಾದರೂ ಡಿಎನ್‌ಎ ಬೇರ್ಪಡಿಸಿ ಶುದ್ಧ ಮಾಡುವ ಕಿಟ್‌ಗಳನ್ನು. ಕಿಟ್ ಜೊತೆ ಹೋಗುವ ಎಂಜೈಮ್ ಕೊನೆಯವರೆಗೂ ತಣ್ಣಗಿರಬೇಕು. ಅದಕ್ಕಾಗಿ ಕಂಪನಿಯವರು ಪೆಟ್ಟಿಗೆಯೊಳಗೆ ಒಂದು ಬಿಳಿ ಚುಕ್ಕೆ ಅಂಟಿಸಿರುತ್ತಾರೆ. ಒಳಗೆ ಬಿಸಿಯಾದರೆ ಚುಕ್ಕೆ ಕೆಂಪಾಗುತ್ತದೆ. ಅಂದರೆ ಕಂಪನಿಗೂ ನನ್ನ ಮೇಲೆ ನಂಬಿಕೆಯಿಲ್ಲ.

೧. ಮೂರು ಮೂಗು

ಹೆಬಳೆಯಲ್ಲಿ ಒಮ್ಮೆ ಸ್ಕೂಟರ್ ಪಂಕ್ಚರ್ ಆಯಿತು. ಪೆಟ್ಟಿಗೆಗೆ ಬಿಸಿಲು ತಾಗಬಾರದೆಂದು ಎದುರಿನ ಮನೆಯ ಜಗಲಿಯ ಮೇಲೆ ಇಟ್ಟು ಪಕ್ಕದಲ್ಲಿ ಕೂತೆ. ಆ ಮನೆಯ ಹಿರಿಮಗ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ ಓದಿ, "ಅಮ್ಮಾ, ಡಿಎನ್‌ಎದವ್ರು ಬಂದ್ರು!" ಎಂದು ಕೂಗಿದ. ಟಿವಿ ನೋಡುವವರಿಗೆ ಡಿಎನ್‌ಎ ಎಂದರೆ ಒಂದೇ ಅರ್ಥ. ಮಗುವಿನ ಅಪ್ಪ ಯಾರೆಂದು ಯಾರೋ ಕೋರ್ಟಿಗೆ ಹೋಗಿದ್ದಾರೆ.

ಅವನ ತಾಯಿ, ವಯಸ್ಸಾದ ಅಜ್ಜಿ, ಹೊರಗೆ ಬಂದರು. "ಯಾರು ಕಳ್ಸಿದ್ದು ನಿಮ್ಮನ್ನ?"

"ಯಾರೂ ಇಲ್ಲ ಅಮ್ಮ, ಗಾಡಿ ಪಂಕ್ಚರ್."

"ಇಡೀ ರಸ್ತೆ ಬಿಟ್ಟು ನಮ್ಮನೆ ಎದ್ರಿಗೇ ಪಂಕ್ಚರ್ ಆಗ್ಬೇಕಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ನಾನು ಸುಮ್ಮನಿರದೆ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿದೆ. ಅಷ್ಟು ಸಾಕಾಯಿತು. ಮುಚ್ಚಳ ತೆಗೆಸಿ ಒಳಗೆಲ್ಲ ಇಣುಕಿದರು. ಆಮೇಲೆ ಮೂವರು ಗಂಡುಮಕ್ಕಳನ್ನೂ ಕರೆದು ಸಾಲಾಗಿ ನಿಲ್ಲಿಸಿ, ಗೋಡೆಯ ಮೇಲಿದ್ದ ಗಂಡನ ಫೋಟೋ ತೋರಿಸಿದರು. "ಮೂಗು ನೋಡಿ. ಮೂರು ಮಕ್ಕಳಿಗೂ ಅದೇ ಮೂಗು. ಬರ್ಕಳಿ."

ಬರೆದುಕೊಂಡೆ. ಇಲ್ಲವಾದರೆ ಪೆಟ್ಟಿಗೆ ಕೊಡುವಂತಿರಲಿಲ್ಲ. ಮುಚ್ಚಳ ಹಾಕುವಷ್ಟರಲ್ಲಿ ಚುಕ್ಕೆ ಕೆಂಪಾಗಿತ್ತು.

ಗಾಡಿ ಸರಿಯಾಗಿ ನಾನು ಹೊರಟಾಗ ಅಜ್ಜಿ ಅಂಗಳದ ಬಾಗಿಲು, ದಣಪೆಯವರೆಗೆ ಬಂದು ದನಿ ತಗ್ಗಿಸಿದರು. "ಹೇಗೂ ಇಲ್ಲೀವರೆಗೆ ಬಂದೀರಿ. ಪಕ್ಕದ ಮನೆಗೊಂದ್ಸಲ ಹೋಗಿ ಬನ್ನಿ. ಅಲ್ಲಿ ಮೂಗು ಕೂಡೂದಿಲ್ಲ."

೨. ಹಾಲಿನವನೇ ವಾಸಿ

ಕುಮಟಾದ ಒಂದು ಕಾಲೇಜಿನ ಸ್ಟೋರ್‌ಕೀಪರ್ ತೋಟದ ಊರಿನವರು, ಮೀನು ಮುಟ್ಟದವರು, ಮತ್ತು ಯಾರನ್ನೂ ನಂಬದವರು. ಬಂದ ಸಾಮಾನನ್ನು ಬೆಳಕಿಗೆ ಹಿಡಿದು ನೋಡದೆ ಸಹಿ ಹಾಕುವುದಿಲ್ಲ.

ನಮ್ಮ ಕಿಟ್ಟಿನಲ್ಲಿ ತೊಳೆಯುವ ದ್ರಾವಣದ ಬಾಟಲಿ ಬರುವುದೇ ತಳದಲ್ಲಿ ಸ್ವಲ್ಪ. ಉಳಿದದ್ದಕ್ಕೆ ಪ್ರಯೋಗಾಲಯದವರೇ ಆಲ್ಕೋಹಾಲ್ ತುಂಬಿಕೊಳ್ಳಬೇಕು. ಅವರು ಬಾಟಲಿ ಎತ್ತಿ ಹಿಡಿದರು. "ಇದು ಕಾಲು ಭಾಗವೂ ಇಲ್ಲೆ!"

"ಕ್ರಮವೇ ಹಾಗೆ ಸರ್. ಉಳಿದ ಆಲ್ಕೋಹಾಲ್ ನೀವು ಹಾಕಬೇಕು."

"ನಾನು? ಕಾಲೇಜಲ್ಲಿ ಕೂತ್ಕಂಡು?"

ಆಮೇಲೆ ಎಂಜೈಮ್ ನಳಿಕೆ ಸಿಕ್ಕಿತು. ಕಿರುಬೆರಳಿನ ಗೆಣ್ಣಿನಷ್ಟು ನಳಿಕೆ, ತಳದಲ್ಲಿ ಒಂದೇ ಹನಿ. ಅದನ್ನು ತಲೆಕೆಳಗು ಮಾಡಿ ಅಲುಗಾಡಿಸಿದರು. "ಇದರಲ್ಲಿ ಎಂತದೂ ಇಲ್ಲೆ." ಹನಿ ನೋಡಲು ಕನ್ನಡಕ ಬೇಕಾಯಿತು, ಕನ್ನಡಕ ಮನೆಯಲ್ಲಿತ್ತು, ತರಿಸುವ ತನಕ ಮುಚ್ಚಳ ಹಾಕಲು ಬಿಡಲಿಲ್ಲ. ನಾನು ಸಾಕ್ಷಿ ಬದಲಾಯಿಸಿಬಿಡುತ್ತೇನೆಂಬ ಸಂಶಯ. ಎರಡನೇ ಚುಕ್ಕೆಯೂ ಕೆಂಪಾಯಿತು.

ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು: "ನಮ್ಮನೆ ಹಾಲಿನವನೂ ಮೋಸವೇ ಮಾಡ್ತಾ. ಆದ್ರೆ ನೀರು ಅವನೇ ಹಾಕಿ ತುಂಬಿಸಿ ಕೊಡ್ತಾ ಮಾರಾಯ್ರೆ. ನೀವು ಅದನ್ನೂ ನಮ್ಮ ಹತ್ರನೇ ಮಾಡಿಸ್ತ್ರಿ."

೩. ಬಂಗಡೆ ಎಲ್ಲಿ?

ಮ್ಯಾನೇಜರ್ ಫೋನ್ ಮಾಡಿದರು. "ಎರಡು ಚುಕ್ಕೆ ಕೆಂಪು. ಮೂರನೆಯದೂ ಆದರೆ ನೀವು ಹುಬ್ಬಳ್ಳಿ ಗೋಡೌನಿಗೆ." ನನ್ನ ಮನೆ ಹೊನ್ನಾವರದಲ್ಲಿ, ಹೆಂಡತಿ ಕಲಿಸುವ ಶಾಲೆಯೂ ಅಲ್ಲೇ. ನಿಜಕ್ಕೂ ಹೆದರಿಕೆಯಾಯಿತು.

ಮೂರನೇ ಪೆಟ್ಟಿಗೆಯೂ ಕುಮಟಾದ ಅದೇ ಕಾಲೇಜಿಗೆ, ಅಳಿವೆಯ ಚಿಪ್ಪಿನ ಮೇಲೆ ಸಂಶೋಧನೆ ಮಾಡುವ ಮೇಡಂ ಒಬ್ಬರಿಗೆ. ಅದನ್ನು ತರುತ್ತಿದ್ದ ಮಂಗಳೂರಿನ ಬಸ್ಸು ಮುರ್ಡೇಶ್ವರದ ಹತ್ತಿರ ಕೆಟ್ಟು ನಿಂತು, ಹೊನ್ನಾವರಕ್ಕೆ ಬಂದಾಗ ಮಧ್ಯಾಹ್ನ. ಐಸ್ ಪ್ಯಾಕ್ ಮುಟ್ಟಿದರೆ ಹಾಲಿನ ಪ್ಯಾಕೆಟ್ಟಿನಂತೆ ಮೆತ್ತಗೆ. ಚುಕ್ಕೆ ಇನ್ನೂ ಬಿಳಿಯಿತ್ತು, ಆದರೆ ಎಷ್ಟು ಹೊತ್ತು? ಮೀನು ಪೇಟೆಗೆ ಓಡಿದೆ.

"ಅಕ್ಕ, ಒಂದಿಷ್ಟು ಐಸ್ ಕೊಡಿ."

ಮೀನು ಮಾರುವ ಹೆಂಗಸು ಮೊದಲು ನನ್ನನ್ನು, ಆಮೇಲೆ ಪೆಟ್ಟಿಗೆಯನ್ನು ನೋಡಿದಳು. "ಎಂತ ಮೀನದು?"

"ಮೀನಲ್ಲ."

"ಮೀನಲ್ದಿದ್ರೆ ಐಸ್ ಎಂತಕ್ಕೆ? ಎಲ್ಲಿ ಕೂತ್ಕಂಡು ಮಾರ್ತೆ ನೀನು? ಇದು ನಮ್ಮ ಜಾಗ. ತೆಗಿ, ನೋಡ್ವಾ."

ತೆಗೆದೆ. ನಳಿಕೆಯಿದ್ದ ಪ್ಲಾಸ್ಟಿಕ್ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, "ಇಷ್ಟಕ್ಕಾ?" ಎಂದಳು.

"ಇಷ್ಟಕ್ಕೇ ಅಕ್ಕ. ಇದು ಬಿಸಿ ಆದ್ರೆ ನನ್ನ ಕೆಲ್ಸ ಹೋಯ್ತು."

ಆ ಮಾತು ಅವಳಿಗೆ ಅರ್ಥವಾಯಿತು. ಬಿಸಿಯಾದರೆ ವ್ಯಾಪಾರ ಹೋಗುವುದು ಅವಳ ದಿನನಿತ್ಯದ ಪಾಡು. ನನ್ನ ಪ್ಯಾಕುಗಳನ್ನು ಎತ್ತಿ ಬಿಸಾಡಿ, ಬಂಗಡೆ ಮೀನಿನ ಬುಟ್ಟಿಯಿಂದ ಐಸ್ ಪುಡಿ ಬಾಚಿ, ಅದಕ್ಕೆ ಎರಡು ಮುಷ್ಟಿ ಕಲ್ಲುಪ್ಪು ಬೆರೆಸಿ ಒತ್ತಿ ತುಂಬಿದಳು. "ಬರೀ ಐಸ್ ಕುಮಟಾ ತನಕ ತಡೀದಿಲ್ಲ. ಉಪ್ಪು ಬಿದ್ರೆ ತಂಡಿ ಜಾಸ್ತಿ. ಆತು, ಓಡು." ಎರಡು ಹೆಜ್ಜೆ ಹಾಕಿದೆನೋ ಇಲ್ಲವೋ, ಹಿಂದಿನಿಂದ ಕೂಗಿದಳು: "ನಾಳೆ ಬುಟ್ಟಿ ಹಿಡ್ಕಂಡು ಇಲ್ಲಿ ಕೂತ್ರೆ ನೋಡು ಮತ್ತೆ!"

ಕುಮಟಾದಲ್ಲಿ ಸ್ಟೋರ್‌ಕೀಪರ್ ಹೆಗಲ ಮೇಲಿನ ಟವೆಲಿನಿಂದ ಮೂಗು ಮುಚ್ಚಿಕೊಂಡು ಮುಚ್ಚಳ ತೆಗೆದರು. ಚುಕ್ಕೆ ಅಚ್ಚ ಬಿಳಿ. ಮೇಡಂ ಥರ್ಮಾಮೀಟರ್ ಇಟ್ಟು ನೋಡಿ, "ನಿಮ್ಮ ಕಂಪನಿಯ ಐಸ್‌ಗಿಂತ ಇದೇ ಚೆನ್ನಾಗಿದೆಯಲ್ರೀ" ಎಂದು ನಳಿಕೆ ಹಿಡಿದು ಹೋದರು. ಹುಬ್ಬಳ್ಳಿ ತಪ್ಪಿತೆಂದು ನನಗೆ ಕುಣಿಯುವಷ್ಟು ಖುಷಿ.

ಸ್ಟೋರ್‌ಕೀಪರ್ ಮಾತ್ರ ಪೆನ್ಸಿಲ್ಲಿನಿಂದ ಐಸ್ ಕೆದಕುತ್ತಲೇ ಇದ್ದರು. "ಬಂಗಡೆ ಎಲ್ಲಿದ್ದು?"

"ಬಂಗಡೆ ಇಲ್ಲ ಸರ್. ಬರೀ ಅದರ ಐಸ್."

"ವಾಸನೆ ಇದ್ದು, ಮೀನಿನ ಮೈಮೇಲಿನ ಹುರುಪೆ ಇದ್ದು, ಬಂಗಡೆ ಇಲ್ಲೆ ಅಂದ್ರೆ ಹೇಗೆ? ನಾನು ಮೀನು ತಿಂಬವ ಅಲ್ಲ. ಆದ್ರೆ ಬರಬೇಕಾದ ಸಾಮಾನು ಬರದೇ ಇದ್ರೆ ಬಿಡ್ತ್ನಿಲ್ಲೆ."

ಮೀನು ತಿನ್ನದವರಿಗೆ ಬರೀ ವಾಸನೆಯಲ್ಲಿ ಅದು ಬಂಗಡೆಯೆಂದು ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ. ಸಂಶಯ ಮಾತ್ರ ಇವತ್ತಿಗೂ ಇದೆ.

ಅವರು ರಸೀದಿಯ ಮೇಲೆ ಬರೆದರು: "ಎಂಜೈಮ್ ತಣ್ಣಗಿದೆ. ಚುಕ್ಕೆ ಬಿಳಿ. ಬಂಗಡೆ ಬಂದಿಲ್ಲ." ಸಹಿ ಹಾಕಿ, ಮೊಹರು ಒತ್ತಿ, ಕಂಪನಿಗೆ ಕಳಿಸಿದರು.

ಮರುದಿನ ಮ್ಯಾನೇಜರ್ ಫೋನ್ ಬಂತು. "ಚುಕ್ಕೆ ಬಿಳಿ, ಬಹಳ ಸಂತೋಷ. ಹುಬ್ಬಳ್ಳಿ ಮಾತು ಮರೆತುಬಿಡಿ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಈಗ ನಿಜ ಹೇಳಿ. ಆ ಬಂಗಡೆ ಯಾರ ಮನೆಗೆ ಇಳಿಸಿದಿರಿ?"