ಮುಂದಿನಿಂದ ಮಾತ್ರ ನೋಡಿದ ಪಿಕಪ್

ವಾಹನಗಳ ವಿಷಯದಲ್ಲಿ ನನಗೆ ಬುದ್ಧಿ ಹೇಳುವವನು ಮಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ! ಕದ್ರಿಯಲ್ಲಿ ವಾಹನಪೂಜೆ ಮಾಡಿಸುವ ತ್ರಿವಿಕ್ರಮ ಭಟ್ಟ ನಾನು. ಸ್ಕೂಟಿಯಿಂದ ಹಿಡಿದು ಟ್ಯಾಂಕರಿನವರೆಗೆ ಎಲ್ಲವೂ ನನ್ನ ಕೈಯಿಂದ ಗಂಧ ಹಚ್ಚಿಸಿಕೊಂಡೇ ರಸ್ತೆಗೆ ಇಳಿದಿವೆ. ಆದ್ದರಿಂದ, ಕಿಶುವಿನ ಕ್ಯಾಂಟೀನ್ ಎಳೆದು ತರುವ ಸೆಕೆಂಡ್ ಹ್ಯಾಂಡ್ ಪಿಕಪ್ಪನ್ನು ನಾನೇ ಆರಿಸುತ್ತೇನೆಂದು ಹೆಂಡತಿ ರಮಾದೇವಿಯ ಮುಂದೆ ಘೋಷಿಸಿದೆ.

ಕಿಶು ಎಂದರೆ ಅವಳ ತಮ್ಮ ಕೃಷ್ಣಕಿಶೋರ. ದೇವಸ್ಥಾನದ ಅಡುಗೆ ಬಿಟ್ಟು, ಪಂಪ್‌ವೆಲ್ ಹತ್ತಿರ ಗಾಲಿಗಳ ಮೇಲೊಂದು ತಗಡಿನ ಕ್ಯಾಂಟೀನ್ ನಿಲ್ಲಿಸಿ ನೀರುದೋಸೆ ಮಾರುತ್ತಿದ್ದ. ಮೊನ್ನೆಯ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ಚಿತೆಗೆ ಬೆಂಕಿಯಿಟ್ಟು ಹೊರಡುವಾಗ, ಹಿಂದಿರುಗಿ ನೋಡಬಾರದೆಂದು ಎಲ್ಲರಿಗೂ ಹೇಳಿದವನು ನಾನೇ. ನಾನೂ ನೋಡಲಿಲ್ಲ. ಈಗ ಜಾಗದ ಯಜಮಾನರು, ಶನಿವಾರದೊಳಗೆ ಕ್ಯಾಂಟೀನ್ ತೆಗೆಯದಿದ್ದರೆ ಗುಜರಿಗೆ ಹಾಕುತ್ತೇವೆ ಎಂದಿದ್ದರು. ಅದನ್ನು ಮನೆಗೆ ತಂದು, ಮುಂದೆ ಮದುವೆ-ಮುಂಜಿಗಳಿಗೆ ಎಳೆದೊಯ್ದು ತಾನೇ ದೋಸೆ ಹುಯ್ಯಬೇಕೆಂದು ರಮಾದೇವಿಯ ಆಸೆ. ತಮ್ಮನದೆಂದು ಅವಳಿಗೆ ಉಳಿದದ್ದು ಅದೊಂದೇ.

ಫಳ್ನೀರಿನ ಜಮಾಲುದ್ದೀನ್ ಅವರ ಹಳೆ ವಾಹನಗಳ ಅಂಗಡಿಯಲ್ಲಿ ನಮ್ಮ ಕೈಗೆಟಕುವಂಥವು ಎರಡಿದ್ದವು. ಒಂದು ನೀಲಿ, ಮುಖವೆಲ್ಲ ತುಕ್ಕು. ಇನ್ನೊಂದು ಬಿಳಿ, ಬಾನೆಟ್ ಫಳಫಳ!

"ಭಟ್ರೇ, ಎಳೀಲಿಕ್ಕೆ ಆದ್ರೆ ನೀಲಿ ತಕೊಳ್ಳಿ, ಅದಕ್ಕೆ ಗಟ್ಟಿ ಕೊಕ್ಕೆ ಉಂಟು. ಬಿಳಿಯದ್ದನ್ನು ಒಮ್ಮೆ ಹಿಂದಿನಿಂದ ನೋಡಿ ಮಾರಾಯ್ರೆ" ಎಂದರು ಅವರು.

ಪೂಜೆಗೆ ಬಂದ ಯಾವ ವಾಹನವನ್ನೂ ನಾನು ಹಿಂದಿನಿಂದ ನೋಡಿದವನಲ್ಲ. ಕುಂಕುಮ ಬಾನೆಟ್ಟಿಗೆ, ನಿಂಬೆಹಣ್ಣು ಚಕ್ರದಡಿಗೆ, ದಕ್ಷಿಣೆ ತಟ್ಟೆಗೆ. ಹಿಂಭಾಗ ಇರುವುದು ಹೊಗೆ ಬಿಡುವುದಕ್ಕೆಂದೇ ನನ್ನ ನಂಬಿಕೆ. ಬಿಳಿಯದ್ದನ್ನೇ ಕೊಂಡೆ.

ಪೂಜೆಯನ್ನು ಭರ್ಜರಿಯಾಗಿ ಮಾಡಿದೆ. ಕನ್ನಡಿಗಳಿಗೂ ಬಿಡದೆ ಗಂಧ ಬಳಿದು, ಒಳಗಿನ ಕನ್ನಡಿಗೆ ಹಾರ ಹಾಕಿದೆ. ಶನಿವಾರ ಪಂಪ್‌ವೆಲ್‌ನಲ್ಲಿ, ಪಕ್ಕದ ಗ್ಯಾರೇಜಿನವರು ಕ್ಯಾಂಟೀನನ್ನು ಸರಪಳಿಯಿಂದ ಬಂಪರಿಗೆ ಬಿಗಿಯುತ್ತಿದ್ದರೆ ನಾನು ಸ್ಟೇರಿಂಗ್ ಹಿಡಿದು ಮಂತ್ರ ಹೇಳುತ್ತಾ ಕೂತಿದ್ದೆ. ಹೊರಟಾಗ ಗಾಡಿ ಒಮ್ಮೆ ಜಗ್ಗಿತು. ಹಿಂದಿನಿಂದ ಅವರೆಲ್ಲ ಏನೋ ಕೂಗಿದರು. ಶುಭ ಕೋರುತ್ತಿದ್ದಾರೆಂದು ಕೈಬೀಸಿದೆ. ಆಮೇಲೆ ಏನು ಓಟ! ಕದ್ರಿಯ ಏರನ್ನೂ ಹೂವಿನಷ್ಟು ಹಗುರವಾಗಿ ಹತ್ತಿತು. ಇಂಥ ಗಾಡಿಯನ್ನು ಆರಿಸಿದ ನನ್ನನ್ನು ದಾರಿಯುದ್ದಕ್ಕೂ ಹೊಗಳಿಕೊಂಡೆ.

ಗೇಟಿನಲ್ಲಿ ರಮಾದೇವಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು.

"ಕ್ಯಾಂಟೀನ್ ಎಲ್ಲಿ?"

"ಹಿಂದೆ ಉಂಟಲ್ಲ."

"ಹಿಂದೆ ಬಂಪರೂ ಇಲ್ಲ."

ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಖಾಲಿ ರಸ್ತೆಯನ್ನೇ ನೋಡುತ್ತಾ ನಿಂತಳು, ದೀಪ ಗಾಳಿಗೆ ಆರಿಹೋಯಿತು.

ಜಮಾಲುದ್ದೀನ್ ಅವರಿಗೆ ಫೋನ್ ಮಾಡಿದೆ. ಅವರು ಆಡಿಕೊಳ್ಳದೆ, ನೀಲಿ ಪಿಕಪ್ಪನ್ನೇ ತಂದು, ಕಳಚಿದ ಬಂಪರಿನ ಸಮೇತ ಪಂಪ್‌ವೆಲ್‌ನಲ್ಲೇ ಉಳಿದಿದ್ದ ಕ್ಯಾಂಟೀನಿಗೆ ಕೊಕ್ಕೆ ಹಾಕಿದರು. ನಾನು ಮುಂದೆ ಹತ್ತಲು ಹೋದಾಗ ತಡೆದರು. "ಭಟ್ರು ಹಿಂದೆ ಕೂತುಕೊಳ್ಳಿ. ಅದು ಬರ್ತಾ ಉಂಟಾ ಅಂತ ನೋಡುವುದೊಂದೇ ನಿಮ್ಮ ಕೆಲಸ."

ಹಿಂದೆ ಮುಖ ಮಾಡಿ ಕೂತೆ. ಕಿಶು ದೋಸೆ ಕೊಡುತ್ತಿದ್ದ ಕಿಟಕಿ ದಾರಿಯುದ್ದಕ್ಕೂ ನನ್ನೆದುರೇ ಬಂತು. ಭಾವ, ಇನ್ನೊಂದು ಹಾಕ್ಲಾ ಎಂದು ಕೇಳುತ್ತಿದ್ದ ಕಿಟಕಿ. ಅವನು ಹೋದಾಗ ಅಳದವನು ಪಂಪ್‌ವೆಲ್‌ನಿಂದ ಕದ್ರಿಯವರೆಗೂ ಅತ್ತೆ.

ರಮಾದೇವಿ ಮತ್ತೆ ದೀಪ ಹಚ್ಚಿ ಕ್ಯಾಂಟೀನಿಗೆ ಆರತಿ ಎತ್ತಿದಳು. ನಾನು ಇನ್ನೂ ಅದನ್ನೇ ನೋಡುತ್ತಾ ಕೂತಿದ್ದೆ.

"ಹಿಂದೆ ನೋಡ್ಬಾರ್ದು ಅಂತ ಊರಿಗೆಲ್ಲ ಹೇಳುವವರು ನೀವು" ಎಂದಳು, ಸೆರಗಿನಲ್ಲಿ ಕಣ್ಣೊರಸಿಕೊಂಡು. "ನೋಡಿದ್ದು ಸಾಕು, ಇಳೀರಿ. ದೋಸೆಗೆ ಅಕ್ಕಿ ನೆನೆಹಾಕ್ಲಿಕ್ಕೆ ಉಂಟು."