ಹನ್ನೆರಡು ಮರ, ಒಂದು ವಾಷಿಂಗ್ ಮೆಷಿನ್

ಗಂಗಾಧರನ ಸ್ವೆಟರಿನ ಬೆನ್ನಿಗೆ ಮಗಳ ಕಾಲುಚೀಲ ಅಂಟಿಕೊಂಡಿತ್ತು. ಅದು ಅವನಿಗೆ ತಿಳಿದದ್ದು ಆಫೀಸಿನ ಮೀಟಿಂಗಿನಲ್ಲಿ, ಮ್ಯಾನೇಜರ್ ಎದ್ದು ಬಂದು ಅದನ್ನು ಕಿತ್ತು ಕೈಗೆ ಕೊಟ್ಟಾಗ.

ನಾರ್‌ಶೋಪಿಂಗ್ ಎಂಬ ಸ್ವೀಡನ್ನಿನ ಊರಿನ ಅವನ ಕಟ್ಟಡದಲ್ಲಿ ಇಪ್ಪತ್ತು ಮನೆಗಳಿಗೆ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಎಲ್ಲರಿಗೂ ಸರದಿ. ಗಂಗಾಧರನಿಗೆ ಸಿಕ್ಕಿದ್ದು ಬುಧವಾರ ಬೆಳಗಿನ ಆರು ಗಂಟೆ. ಒಣಗಿಸುವ ಯಂತ್ರದಿಂದ ಬಟ್ಟೆ ಎಳೆದುಕೊಂಡವನೇ ಬಸ್ಸಿಗೆ ಓಡಬೇಕು. ಎಲ್ಲರೂ ಆಸೆಪಡುವ ಶನಿವಾರದ ಸರದಿ ಒಬ್ಬ ಮುದುಕನ ಹತ್ತಿರವಿತ್ತು. ಅವನು ಮನೆ ಮಾರಿ ಹೋದದ್ದೇ ತಡ, ಕಟ್ಟಡದ ತುಂಬ ಗುಸುಗುಸು ಶುರುವಾಯಿತು.

ಚೀಟಿ ಎತ್ತಿದರೆ ಅನ್ಯಾಯ, ಹಿರಿತನ ನೋಡಿದರೆ ಜಗಳ. ಕೊನೆಗೆ ನಿವಾಸಿಗಳ ಸಂಘದ ಅಧ್ಯಕ್ಷ ಲಾಶ್ ತಮ್ಮ ದೇಶದ ಹಳೆಯ ಪದ್ಧತಿಯನ್ನೇ ಹಿಡಿದ. ಕಟ್ಟಡದ ಹಿಂದಿನ ಕಾಡಿನಲ್ಲಿ ಹನ್ನೆರಡು ಮರಗಳಿಗೆ ಹನ್ನೆರಡು ಪ್ರಶ್ನೆ ಕಟ್ಟುವುದು. ಕಳೆದ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ, ಸ್ವೀಡನ್ನಿನಲ್ಲಿ ನಡೆದ ದೊಡ್ಡ ಸಂಗತಿಗಳ ಬಗ್ಗೆ ತಿಂಗಳಿಗೊಂದು ಪ್ರಶ್ನೆ. ನಡೆಯುತ್ತಾ ಓದಿ ಉತ್ತರ ಗುರುತಿಸಬೇಕು. ಹೆಚ್ಚು ಸರಿ ಮಾಡಿದವರಿಗೆ ವರ್ಷಪೂರ್ತಿ ಶನಿವಾರ.

"ರೀ, ಶನಿವಾರ ಗೆದ್ಕೊಂಡು ಬನ್ನಿ. ಇಲ್ಲಾಂದ್ರೆ ನಾಳೆಯಿಂದ ಮಕ್ಕಳ ಡಾಗಿಸ್ ಬಟ್ಟೆಯೆಲ್ಲ ನಿಮ್ಮ ಕೈಲೇ, ಬಾತ್‌ರೂಮಲ್ಲಿ, ಬ್ರಶ್ ಹಾಕಿ," ಎಂದಳು ಹೆಂಡತಿ ವೇದವತಿ. ಶಿಶುವಿಹಾರದಲ್ಲಿ ಕೆಸರಿನಲ್ಲೇ ಹೊರಳಾಡುವ ಅವಳಿ ಮಕ್ಕಳ ಬಟ್ಟೆ ನೆನಪಾಗಿ ಗಂಗಾಧರನ ಬೆನ್ನು ಆಗಲೇ ನೋಯತೊಡಗಿತು.

ತೊಂದರೆ ಏನೆಂದರೆ, ದಾವಣಗೆರೆಯ ವಾರ್ಡ್ ರಾಜಕೀಯ ಅವನಿಗೆ ಬಾಯಿಪಾಠ. ತಾನು ತೆರಿಗೆ ಕಟ್ಟುವ ದೇಶದ ಸುದ್ದಿ ಮಾತ್ರ ಸೊನ್ನೆ.

ಮೊದಲ ಮರದ ಬುಡದ ಹಿಮದಲ್ಲೇ ಜಾರಿ, ಮಗುಚಿದ ಆಮೆಯಂತೆ ಬಿದ್ದ. ಎದ್ದು ನೋಡಿದರೆ ಬಾಲ್‌ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಪಕ್ಕದ ಮನೆಯ ಮುದುಕಿ ಬಿರ್ಗಿಟ್ ತನ್ನ ಜೇಬಿನಿಂದ ಪೆನ್ಸಿಲ್ ತೆಗೆದುಕೊಟ್ಟಳು.

"ಜನವರಿಯಲ್ಲಿ ಸಾವಿರ ವಾಹನ ಹಿಮದಲ್ಲಿ ಸಿಕ್ಕಿಬಿದ್ದದ್ದು ಎಲ್ಲಿ? ಇದೂ ಒಂದು ಪ್ರಶ್ನೆಯಾ? ಸ್ಕೋನೆಯಲ್ಲಿ! ದಕ್ಷಿಣದವರಿಗೆ ಹಿಮದಲ್ಲಿ ಗಾಡಿ ಓಡಿಸಲು ಬರುವುದಿಲ್ಲ," ಎಂದು ಗೊಣಗಿದಳು.

ಗಂಗಾಧರನ ತಲೆಯಲ್ಲಿ ದೀಪ ಹೊತ್ತಿತು. ಮಾತಾಡಬಾರದೆಂಬ ನಿಯಮ ಇರಲಿಲ್ಲ. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. "ಹೌದಾ ಬಿರ್ಗಿಟ್? ನನಗೆ ಗೊತ್ತೇ ಇರಲಿಲ್ಲ!" ಎಂದು ಬಾಯಿ ತೆರೆದು ನಿಂತ. ಮುದುಕಿ ಚಳಿಗಾಲದ ನಾಲ್ಕು ತಿಂಗಳನ್ನೂ, ಯುದ್ಧ ಬಂದರೆ ಏನು ಮಾಡಬೇಕೆಂದು ನವೆಂಬರಿನಲ್ಲಿ ಮನೆಮನೆಗೆ ಬಂದ ಪುಸ್ತಿಕೆಯ ಸಮೇತ, ಅವನ ಕಿವಿಗೆ ಸುರಿದಳು.

ಮಾರ್ಚಿನ ಮರದ ಹತ್ತಿರ ಮೂರನೇ ಮಹಡಿಯ ಶಿವಪ್ರಸಾದ ಸಿಕ್ಕ.

"ಇದೇನೋ ಶಿವು, ಸ್ವೀಡನ್ ಯಾವುದಕ್ಕೋ ಸೇರ್ಕೊಂಡಿದ್ಯಂತೆ?"

"ಅಯ್ಯೋ ಗುರು, ನೇಟೋ! ಇನ್ನೂರು ವರ್ಷ ಯಾರ ಜೊತೆನೂ ಸೇರ್ದೆ ಇದ್ದೋರು ಕಣೋ. ಎಲ್ಲಿದ್ದೆ ನೀನು, ಗುಹೇಲಾ?" ಬೈಯುವ ಭರದಲ್ಲಿ ಶಿವಪ್ರಸಾದ ಏಪ್ರಿಲ್, ಸೆಪ್ಟೆಂಬರ್ ಎರಡನ್ನೂ ಒದರಿಬಿಟ್ಟ. ಆಗಸ್ಟಿನಲ್ಲಿ ಸ್ವೀಡನ್ನಿನ ಹುಡುಗ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೋಲೂರಿ ಆರೂಕಾಲು ಮೀಟರ್ ಹಾರಿದ್ದನ್ನು ಮರದ ಕೊಂಬೆ ಮುರಿದುಕೊಂಡು ಅಭಿನಯಿಸಿ ತೋರಿಸಿದ.

ಮೇ ತಿಂಗಳ ಮರದಡಿ ಎದುರುಮನೆಯ ಊರ್ಮಿಳಾ. "ಯೂರೋಪಿನ ಹಾಡಿನ ಸ್ಪರ್ಧೆ ಮಾಲ್ಮೋದಲ್ಲಾಯ್ತು ಗಂಗಾಧರ್. ಅಷ್ಟೂ ಗೊತ್ತಿಲ್ವಾ? ಛೆ!" ಎಂದು ಕನಿಕರಪಟ್ಟು ಜೂನ್, ಅಕ್ಟೋಬರನ್ನೂ ದಾನ ಮಾಡಿದಳು.

ಜುಲೈ ಒಂದು ಮಾತ್ರ ಗಂಗಾಧರನಿಗೆ ಸ್ವಂತವಾಗಿ ಗೊತ್ತಿತ್ತು. ಅಪ್ಪ ಅಮ್ಮನ ಬದಲು ಅಜ್ಜ ಅಜ್ಜಿಯೂ ಸಂಬಳದ ರಜೆ ಪಡೆದು ಮಗು ನೋಡಿಕೊಳ್ಳಬಹುದೆಂಬ ಕಾನೂನು ಆ ತಿಂಗಳು ಬಂದಿತ್ತು. ಸರ್ಕಾರದಿಂದ ಸಂಬಳ ಕೊಡಿಸುತ್ತೇನೆಂದು ಅವನು ಅತ್ತೆಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದ; ಅದು ಇಲ್ಲಿನ ವಿಮೆಯಿದ್ದವರಿಗೆ ಮಾತ್ರವೆಂದು ತಿಳಿದ ಮೇಲೆ ಅತ್ತೆ ಮೂರು ವಾರ ಮಾತು ಬಿಟ್ಟಿದ್ದರು. ಅಂಥ ಜುಲೈಯನ್ನು ಯಾರು ಮರೆಯುತ್ತಾರೆ?

ಸಂಘದ ಕೋಣೆಯಲ್ಲಿ ಲಾಶ್ ಫಲಿತಾಂಶ ಓದಿದ. "ಹನ್ನೆರಡಕ್ಕೆ ಹನ್ನೆರಡು, ಗಂಗಾಧರ!"

ಚಪ್ಪಾಳೆಯೋ ಚಪ್ಪಾಳೆ. ಯಾರೋ ಅವನ ಕೈಗೆ ಸ್ವೀಡನ್ನಿನ ಪುಟ್ಟ ಬಾವುಟ ಕೊಟ್ಟರು. ವೇದವತಿ ಎರಡೂ ಮಕ್ಕಳನ್ನು ಎತ್ತಿ ಕುಣಿಸಿದಳು. ಗಂಗಾಧರ ಕುಸ್ತಿ ಗೆದ್ದ ಪೈಲ್ವಾನನಂತೆ ಎದೆ ಸೆಟೆಸಿ ನಿಂತ.

"ಒಂದ್ನಿಮಿಷ!" ಶಿವಪ್ರಸಾದ ಎದ್ದ. "ಅದ್ರಲ್ಲಿ ನಾಲ್ಕು ನಂದು."

"ನಾಲ್ಕು ನನ್ನದು," ಎಂದಳು ಬಿರ್ಗಿಟ್. "ಪೆನ್ಸಿಲ್ಲೂ ನನ್ನದೇ."

"ಮೂರು ನಾನು ಹೇಳಿದ್ದು," ಎಂದಳು ಊರ್ಮಿಳಾ.

"ಹೇಳಿ ಅಂತ ನಾನೇನು ಕೈ ಮುಗಿದ್ನಾ?" ಎಂದ ಗಂಗಾಧರ.

ಲಾಶ್ ಯಾರನ್ನೂ ಗದರಲಿಲ್ಲ. ಎಲ್ಲರಿಗೂ ಕಾಫಿ ಸುರಿದು, ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿದ. "ಗೆದ್ದವನು ಗಂಗಾಧರನೇ. ಅದರಲ್ಲಿ ಎರಡು ಮಾತಿಲ್ಲ," ಎಂದ. ಮತ್ತೆ ಚಪ್ಪಾಳೆ. "ಆದರೆ ನ್ಯಾಯ ಎಲ್ಲರಿಗೂ ಸಮ ಇರಬೇಕು. ಯಾವ ತಿಂಗಳ ಉತ್ತರ ಯಾರದೋ, ಆ ತಿಂಗಳ ಶನಿವಾರಗಳು ಅವರದು. ಒಪ್ಪಿಗೆಯೇ?"

ಎಲ್ಲ ಕೈಗಳೂ ಮೇಲೆದ್ದವು. ಬಾವುಟ ಹಿಡಿದಿದ್ದ ಗಂಗಾಧರನ ಕೈ ಮೊದಲೇ ಮೇಲಿತ್ತು.

"ಜುಲೈ ಆದ್ರೂ ನಮ್ದೇ ಕಣೇ, ಪೂರ್ತಿ!" ಎಂದು ಅವನು ಹೆಂಡತಿಯ ಕಡೆ ತಿರುಗಿದ.

ವೇದವತಿ ಮಕ್ಕಳನ್ನು ಕೆಳಗಿಳಿಸಿದಳು. "ಜುಲೈ ಪೂರ್ತಿ ನಾವು ದಾವಣಗೆರೇಲಿ ಇರ್ತೀವಲ್ರೀ. ಟಿಕೆಟ್ ಬುಕ್ ಮಾಡಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಬಿರ್ಗಿಟ್ ಕೇಕಿನ ದೊಡ್ಡ ತುಂಡೊಂದನ್ನು ತಂದು ಅವನ ಮುಂದಿಟ್ಟು, ಅಕ್ಕರೆಯಿಂದ ಬೆನ್ನು ಸವರಿದಳು.

"ನೀನು ಊರಿಗೆ ಹೋಗುತ್ತೀಯಂತೆ. ಜುಲೈ ಸುಮ್ಮನೆ ಖಾಲಿ ಬೀಳುತ್ತದಲ್ಲ ಮಗು, ನಾನೇ ಒಗೆದುಕೊಳ್ಳಲೇ?"

ಎಲ್ಲರೂ ಗೆದ್ದವನ ಮುಖ ನೋಡಿದರು. ಗಂಗಾಧರ ಕೇಕ್ ಬಾಯಿಗಿಟ್ಟುಕೊಂಡು ತಲೆಯಾಡಿಸಿದ. ಆ ದಿನದ ಅತಿ ಜೋರಾದ ಚಪ್ಪಾಳೆ ಬಿದ್ದದ್ದು ಆಗಲೇ.